ಜೀರ್ಣೋದ್ಧಾರವೋ, ಬಣ್ಣ ಬಳಿಯುವುದೋ?

ಹಳೆಯದನ್ನು ಹೊಸದರಂತೆ ತೋರಿಸುವುದು ಬೇರೆ; ಹಳೆಯದು ಮತ್ತೆ ದುಡಿಯುವಂತೆ ಮಾಡುವುದು ಬೇರೆ. ಎರಡನ್ನೂ ನಾವು ಜೀರ್ಣೋದ್ಧಾರವೆಂಬ ಒಂದೇ ಹೆಸರಿನಿಂದ ಕರೆಯುತ್ತ ಬಂದಿದ್ದೇವೆ. ದೇವಾಲಯಗಳ ಮಟ್ಟಿಗೆ ಈ ಗೊಂದಲದಿಂದ ಆಗಿರುವ ಹಾನಿಯನ್ನು ಬಲ್ಲವರು ಬೇಕಾದಷ್ಟು ಹೇಳಿದ್ದಾರೆ. ನಾನು ಹೇಳಹೊರಟಿರುವುದು ಲೋಹವನ್ನು ಕಡೆಯುವ ಲೇತ್ ಎಂಬ ಯಂತ್ರವನ್ನು ಕುರಿತು. ಕನ್ನಡ ಪಾಠ ಹೇಳುವವನಿಗೆ ಕಬ್ಬಿಣದ ಗೊಡವೆ ಏಕೆಂದು ವಾಚಕರು ಹುಬ್ಬೇರಿಸಬಹುದು. ಗೊಡವೆಗೆ ಕಾರಣ ಕನ್ನಡವೇ.

ಲೇತಿಗೆ ನಮ್ಮ ನುಡಿಯಲ್ಲಿ ಕಡಸಲು ಎಂಬ ಹಳೆಯ ಹೆಸರುಂಟು. ಮೊಸರನ್ನು ಕಡೆಯುವುದಕ್ಕೂ ಮರ ಲೋಹಗಳನ್ನು ಕಡೆಯುವುದಕ್ಕೂ ಧಾತು ಒಂದೇ. ಹರಪನಹಳ್ಳಿ ತಾಲ್ಲೂಕಿನ ಬಾಗಳಿಯ ಕಲ್ಲೇಶ್ವರ, ಹಡಗಲಿ ತಾಲ್ಲೂಕಿನ ಕುರುವತ್ತಿಯ ಮಲ್ಲಿಕಾರ್ಜುನ ಮೊದಲಾದ ಚಾಲುಕ್ಯ ಕಾಲದ ಗುಡಿಗಳನ್ನು ಕಂಡವರು, ಮೆದುವಾದ ಬಳಪದ ಕಲ್ಲನ್ನು ತಿರುಗಣೆಗೆ ಕೊಟ್ಟು ಕಡೆದ ಕಂಬಗಳ ಸುತ್ತುಗೆರೆಗಳನ್ನು ಗಮನಿಸಿರಬೇಕು. ಅಂದಮೇಲೆ ಈ ವಿದ್ಯೆ ನಮ್ಮ ಸೀಮೆಗೆ ನೆನ್ನೆ ಮೊನ್ನೆ ಬಂದದ್ದಲ್ಲ. ಆದರೂ ಇಂದು ಕಾರ್ಖಾನೆಯವರೆಲ್ಲ ಲೇತ್ ಎಂದೇ ಅನ್ನುತ್ತಾರೆ. ದುಡಿಯುವವರ ಬಾಯಲ್ಲಿ ನಿಂತ ಮಾತನ್ನು ಮೇಷ್ಟರು ಎಬ್ಬಿಸಿ ಓಡಿಸುವುದು ಸಲ್ಲದಾದ್ದರಿಂದ ನಾನೂ ಅದನ್ನೇ ಬಳಸುತ್ತೇನೆ.

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳಲ್ಲಿ ನಾನು ಕಂಡ ಹಳೆಯ ಲೇತುಗಳಲ್ಲಿ ಹೆಚ್ಚಿನವು ಹರಿಹರದವು. 1941ರಲ್ಲಿ, ಎರಡನೆಯ ಮಹಾಯುದ್ಧದ ನಡುವೆ, ಮೈಸೂರು ಕಿರ್ಲೋಸ್ಕರ್ ಕಾರ್ಖಾನೆ ಅಲ್ಲಿ ನೆಲೆಗೊಂಡಿತು. ಹರಿಹರ ಆಗ ಮೈಸೂರು ಸಂಸ್ಥಾನದ ಊರು. ನಮ್ಮ ತಾಲ್ಲೂಕುಗಳು ಮದರಾಸು ಪ್ರಾಂತ್ಯದ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. 1953ರ ಅಕ್ಟೋಬರ್ 1ರಂದು ನಡುವಿನ ಗಡಿ ಅಳಿಯಿತು. ಅದೇ ವರ್ಷ ಬೆಂಗಳೂರಿನಲ್ಲಿ ಹಿಂದೂಸ್ಥಾನ್ ಮೆಷಿನ್ ಟೂಲ್ಸ್ ಹುಟ್ಟಿತು. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಸಂಸ್ಥೆಯ ನೆರವಿನಿಂದ ಅದು ತಯಾರಿಸಿದ ಮೊದಲ ಯಂತ್ರವೂ ಲೇತೇ. ಮಳೆಯನ್ನೇ ನೆಚ್ಚಿದ ಈ ಒಣ ಸೀಮೆಯಲ್ಲಿ ಶೇಂಗಾ ಗಿರಣಿಯ ದಂಡ ಸವೆದರೆ, ಡೀಸೆಲ್ ಎಂಜಿನ್ನಿನ ಬುಷ್ ಹೋದರೆ, ಪಂಪು ಕೆಟ್ಟು ಪೈರು ಬಾಡುವ ಹೊತ್ತಿನಲ್ಲಿ, ರೈತನು ಓಡಿಬರುತ್ತಿದ್ದುದು ಲೇತ್ ಇಟ್ಟವನ ಬಾಗಿಲಿಗೆ. ಈ ಶತಮಾನದ ಆರಂಭದ ಹೊತ್ತಿಗೆ ಹರಿಹರದ ಆ ಕಾರ್ಖಾನೆ ಮುಚ್ಚಿಹೋಯಿತು. ಅದು ಹೆತ್ತ ಯಂತ್ರಗಳು ಈಗ ಒಂದೊಂದಾಗಿ ಗುಜರಿಯವನ ತಕ್ಕಡಿಗೆ ಏರುತ್ತಿವೆ. ಸಾವಿರ ಕಿಲೋ ತೂಗುವ ವಿವೇಕವನ್ನು ಒಡೆದ ಬಾಣಲೆಯ ಬೆಲೆಗೆ ಮಾರುತ್ತಿದ್ದೇವೆ.

ತಕ್ಕಡಿಯಿಂದ ಪಾರಾದವುಗಳ ಗತಿಯೂ ಎಲ್ಲೆಡೆ ಚೆನ್ನಾಗಿಲ್ಲ. ಹವ್ಯಾಸಕ್ಕಾಗಿ ಕೊಂಡೊಯ್ದವರು ಮೊದಲು ಕೈಹಾಕುವುದು ಎಮರಿ ಕಾಗದಕ್ಕೆ, ಆಮೇಲೆ ಹಸಿರು ಬಣ್ಣಕ್ಕೆ. ತುಕ್ಕು ಹೋಗುತ್ತದೆ, ಕನ್ನಡಿಯಂಥ ಹೊಳಪು ಬರುತ್ತದೆ, ನೆಂಟರಿಷ್ಟರು ಮೆಚ್ಚುತ್ತಾರೆ. ಅಷ್ಟರಲ್ಲಿ ಎಮರಿಯ ಹರಳು ಹಳಿಗಳ ನೇರವನ್ನು ತಿಂದಿರುತ್ತದೆ. ಉಳಿದ ಹರಳು ಎಣ್ಣೆಯೊಡನೆ ಬೆರೆತು ಮುಂದೆಯೂ ತಿನ್ನುತ್ತಿರುತ್ತದೆ. ಇಂಥ ಲೇತ್ ದುಂಡಾದ ಸರಳನ್ನು ಕಡೆಯಹೋಗಿ ಮೂಲಂಗಿಯನ್ನು ಕಡೆದುಕೊಡುತ್ತದೆ.

ನಮ್ಮ ಮನೆಯ ಹಿತ್ತಲ ಕೊಠಡಿಯಲ್ಲಿ ಎರಡು ವರ್ಷಗಳಿಂದ ಒಂದು ಲೇತ್ ಇದೆ. ಕೊಟ್ಟೂರಿನ ಎಣ್ಣೆ ಗಿರಣಿಯೊಂದರ ಹಿಂಬದಿಯಲ್ಲಿ ಮಣ್ಣು ಹಿಡಿದಿದ್ದ ಯಂತ್ರ. ಹರಿಹರದಲ್ಲಿ ಬಹುಕಾಲ ಫಿಟ್ಟರ್ ಆಗಿದ್ದ ಹಿರಿಯರೊಬ್ಬರು ಭಾನುವಾರಗಳಂದು ಬಂದು ಅದರ ಮೇಲೆ ಕೈಯಾಡಿಸುತ್ತಾರೆ. ನಾನು ಸೀಮೆ ಎಣ್ಣೆ, ಚಿಂದಿಬಟ್ಟೆ ಒದಗಿಸುವ ಶಿಷ್ಯ. ಮೊದಲ ತಿಂಗಳಿಡೀ ಅವರು ಒಂದು ಬೋಲ್ಟನ್ನೂ ಬಿಚ್ಚಗೊಡಲಿಲ್ಲ. ಎಲ್ಲಿ ಎಷ್ಟು ಸವೆದಿದೆಯೆಂದು ನೋಡುವುದೇ ಕೆಲಸ.

ಲೇತಿನ ಹಾಸು ಒಂದೇ ಸಮ ಸವೆಯುವುದಿಲ್ಲ. ಕೆಲಸವೆಲ್ಲ ಚಕ್ಕಿನ ಬಳಿ ನಡೆಯುವುದರಿಂದ ಸ್ಯಾಡಲ್ ಅಲ್ಲೇ ಹಿಂದೆ ಮುಂದೆ ಸರಿಯುತ್ತ ಹಳಿಗಳಲ್ಲಿ ಕಣ್ಣಿಗೆ ಕಾಣದ ತಗ್ಗು ಮಾಡುತ್ತದೆ. ದೂರದ ತುದಿಗೆ ಯಾರೂ ಹೋಗುವುದಿಲ್ಲ. ಅಲ್ಲಿ ಕಾರ್ಖಾನೆಯವನು ಮಾಡಿದ ನೇರ ಇನ್ನೂ ಹಾಗೆಯೇ ಇರುತ್ತದೆ. ರಿಪೇರಿ ಮಾಡುವವನು ಅದನ್ನು ಹುಡುಕಿ, ಅದನ್ನೇ ಪ್ರಮಾಣವಾಗಿಟ್ಟುಕೊಂಡು ಉಳಿದುದನ್ನು ಅದಕ್ಕೆ ಹೊಂದಿಸಬೇಕು. ನಿಜವಾದ ಚಪ್ಪಟೆ ಪಟ್ಟಿಗೆ ತೆಳುವಾಗಿ ನೀಲಿ ಬಣ್ಣ ಸವರಿ ಹಳಿಯ ಮೇಲೆ ಉಜ್ಜಿದರೆ ಉಬ್ಬಿದ ಕಡೆ ಮಾತ್ರ ನೀಲಿ ಹತ್ತುತ್ತದೆ. ಆ ಚುಕ್ಕಿಗಳನ್ನಷ್ಟೇ ಕೈಯುಳಿಯಿಂದ ಕೆರೆಯಬೇಕು. ಒಂದು ಕೆರೆತಕ್ಕೆ ಹೋಗುವುದು ಮಿಲಿಮೀಟರಿನ ನೂರನೆಯ ಪಾಲಿಗೂ ಕಡಿಮೆ. ಮತ್ತೆ ನೀಲಿ, ಮತ್ತೆ ಕೆರೆತ. ಚುಕ್ಕಿಗಳು ಸಣ್ಣವಾಗಿ, ದಟ್ಟವಾಗಿ, ಮೈತುಂಬ ಸಮನಾಗಿ ಹರಡಿದಾಗ ಮೇಲ್ಮೈ ಸಿದ್ಧವೆಂದು ಲೆಕ್ಕ. ಹೀಗೆ ಕೆರೆದ ಮೈ ಹೊಳೆಯುವುದಿಲ್ಲ. ಅದರ ಸಣ್ಣ ಸಣ್ಣ ತಗ್ಗುಗಳು ಎಣ್ಣೆಯನ್ನು ಹಿಡಿದಿಟ್ಟುಕೊಳ್ಳುತ್ತವೆ. ಹೊಳೆಯುವ ಮೈಗಿಂತ ಅದೇ ಹೆಚ್ಚು ಬಾಳುತ್ತದೆ.

ಪ್ರಮಾಣದ ಪಟ್ಟಿಯೇ ಸರಿಯೆಂದು ನಂಬುವುದು ಹೇಗೆಂದು ನಾನು ಕೇಳಿದೆ. ಅದಕ್ಕೆ ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ 1840ರಲ್ಲೇ ವಿವರಿಸಿದ ಉಪಾಯವುಂಟು. ಎರಡು ಫಲಕಗಳನ್ನು ಒಂದಕ್ಕೊಂದು ಹೊಂದಿಸಿದರೆ ಸಾಲದು. ಒಂದು ಉಬ್ಬಿ ಇನ್ನೊಂದು ತಗ್ಗಾಗಿ ಎರಡೂ ಸೊಗಸಾಗಿ ಕೂಡಿಕೊಂಡುಬಿಡಬಹುದು. ಮೂರು ಫಲಕಗಳನ್ನು ಅದಲುಬದಲು ಮಾಡಿ ಪರಸ್ಪರ ಹೊಂದಿಸಿದಾಗ ಮಾತ್ರ ಮೂರೂ ಚಪ್ಪಟೆಯಾಗದೆ ವಿಧಿಯಿಲ್ಲ. ಇದನ್ನು ಕೇಳಿದಾಗ, ತರಗತಿಯಲ್ಲಿ ಗ್ರಂಥಸಂಪಾದನೆಯನ್ನು ಬೋಧಿಸುವ ನನಗೆ ಬಲು ಪರಿಚಿತವಾದ ಮಾತೊಂದನ್ನು ಬೇರೆ ಭಾಷೆಯಲ್ಲಿ ಕೇಳಿದಂತಾಯಿತು. ಎರಡು ಓಲೆಪ್ರತಿಗಳು ಒಂದೇ ಪಾಠವನ್ನು ಹೇಳಿದ ಮಾತ್ರಕ್ಕೆ ಪಾಠ ಶುದ್ಧವೆನ್ನಲಾಗದು. ಎರಡೂ ಒಂದೇ ತಪ್ಪಿನ ಮಕ್ಕಳಾಗಿರಬಹುದು. ಹೆಚ್ಚು ಕೈಗೆ ಸಿಕ್ಕಿ ಸವೆದ ಪ್ರತಿಗಿಂತ ಮೂಲೆಯಲ್ಲಿ ಉಳಿದ ಪ್ರತಿ ಹಲವು ವೇಳೆ ಮೂಲಕ್ಕೆ ಹತ್ತಿರ. ಕವಿಯ ಮಾತನ್ನು ತನ್ನ ರುಚಿಗೆ ತಕ್ಕಂತೆ ನಯಗೊಳಿಸುವ ಸಂಪಾದಕನಿಗೂ ಎಮರಿ ಹಿಡಿದವನಿಗೂ ನನಗೆ ಭೇದ ಕಾಣದು.

ಇಷ್ಟೆಲ್ಲ ಮಾಡಿ ಪ್ರಯೋಜನವೇನು, ಗಣಕಯಂತ್ರದ ಆಜ್ಞೆಯಂತೆ ತಾನೇ ಕಡೆಯುವ ಲೇತುಗಳು ಬಂದಿಲ್ಲವೇ ಎಂಬ ಆಕ್ಷೇಪಣೆ ನ್ಯಾಯವಾದದ್ದೇ. ಒಂದೇ ಬಗೆಯ ಸಾವಿರ ಬುಷ್ಷುಗಳು ಬೇಕಾದವರು ಅವನ್ನೇ ಇಡಬೇಕು. ಆದರೆ ಹಡಗಲಿಯ ರೈತನಿಗೆ ಬೇಕಾದದ್ದು ಒಂದೇ ಬುಷ್, ಅದೂ ತಯಾರಕನೇ ಮರೆತ ಪಂಪಿಗೆ, ಅದೂ ಸಂಜೆಯೊಳಗೆ. ಇನ್ನೊಂದು ಮಾತು. ಕೈಯುಳಿಯಿಂದ ಕೆರೆಯುವ ವಿದ್ಯೆ ಬಲ್ಲವರು ನಮ್ಮ ಕಡೆ ಬೆರಳೆಣಿಕೆಯಷ್ಟಿದ್ದು, ಅವರೆಲ್ಲ ವಯಸ್ಸಾದವರು. ಪುಸ್ತಕದಲ್ಲಿ ಅದರ ವಿಧಾನ ಸಿಕ್ಕೀತು. ಉಳಿಯನ್ನು ಎಷ್ಟು ಒತ್ತಬೇಕೆಂಬುದು ಸಿಕ್ಕದು. ತಾಂತ್ರಿಕ ಶಾಲೆಗಳು ಹಳೆಯ ಲೇತುಗಳನ್ನು ಹರಾಜು ಹಾಕುವ ಮುನ್ನ ಒಂದನ್ನಾದರೂ ಉಳಿಸಿಕೊಂಡು, ಇಂಥ ಹಿರಿಯರೊಬ್ಬರನ್ನು ಕರೆಸಿ, ಹತ್ತು ಹುಡುಗರನ್ನು ಅವರ ಪಕ್ಕದಲ್ಲಿ ನಿಲ್ಲಿಸುವುದಕ್ಕೆ ಹೊಸ ಕಟ್ಟಡವೇನೂ ಬೇಕಿಲ್ಲ.

ನಮ್ಮ ಲೇತ್ ಪರೀಕ್ಷೆಗೂ ನಿಂತಿತು. ಚಕ್ಕಿಗೆ ಸರಳೊಂದನ್ನು ಕಚ್ಚಿಸಿ, ಅದರ ಮೇಲೆ ಅಂತರ ಬಿಟ್ಟು ಉಳಿಸಿಕೊಂಡ ಎರಡು ಬಳೆಗಳನ್ನು ಉಳಿಯ ಹಿಡಿತ ಬದಲಿಸದೆ ಕಡೆದು ಅಳೆಯಬೇಕು. ಎರಡೂ ಒಂದೇ ದಪ್ಪವಿದ್ದರೆ ಹಾಸು ತಿರುಚಿಲ್ಲ. ಮೊದಲ ಸಲ ಇರಲಿಲ್ಲ. ಕಾಲುಗಳ ಕೆಳಗೆ ತೆಳುತಗಡು ಕೊಟ್ಟು ಮಟ್ಟಮಾಡುವುದರಲ್ಲಿ ನಾಲ್ಕು ಭಾನುವಾರ ಕಳೆದವು. ಈಗ ಅದು ದುಂಡಗೆ ಕಡೆಯುತ್ತದೆ. ಬಣ್ಣ ಮಾತ್ರ ಹಳೆಯದೇ.

ಒಂದು ಕೊರತೆಯಿದೆ. ನಮ್ಮ ಯಂತ್ರದ ಲೀಡ್‌ಸ್ಕ್ರೂ ಅಂಗುಲದ ಲೆಕ್ಕದ್ದು. 1956ರ ಕಾಯಿದೆಯಿಂದ ದೇಶ ಮೀಟರಿನ ಅಳತೆಗೆ ತಿರುಗಿದ ಮೇಲೆ ಮರೆಯ ಮೊಳೆಗಳೆಲ್ಲ ಕ್ರಮೇಣ ಮಿಲಿಮೀಟರಿನವಾದವು. ಒಂದು ಅಂಗುಲಕ್ಕೆ 25.4 ಮಿಲಿಮೀಟರ್, ಐದರಿಂದ ಗುಣಿಸಿದರೆ 127. ಆದುದರಿಂದ 127 ಹಲ್ಲುಗಳ ಒಂದು ಚಕ್ರವನ್ನು ನಡುವೆ ಸೇರಿಸಿದರೆ ಅಂಗುಲದ ಯಂತ್ರ ಒಂದಿಷ್ಟೂ ತಪ್ಪದೆ ಮಿಲಿಮೀಟರಿನ ಮರೆಯನ್ನು ಕಡೆಯುತ್ತದೆ. 127 ಅವಿಭಾಜ್ಯ ಸಂಖ್ಯೆಯಾದ್ದರಿಂದ ಇದಕ್ಕಿಂತ ಸಣ್ಣ ಚಕ್ರದಿಂದ ಆ ನಿಖರತೆ ಬಾರದು. ಇಂಥ ಭಾಷಾಂತರಕಾರ ಯಂತ್ರಕ್ಕೆ ಅಂಟಿಕೊಂಡಿರುವುದಿಲ್ಲ. ಬೇಕಾದಾಗ ಹಾಕಿ, ತೆಗೆದು, ಡಬ್ಬಿಯಲ್ಲಿಡುವಂಥವನು. ಮೊದಲು ಗುಜರಿಗೆ ಹೋಗುವವನೂ ಅವನೇ. ಈ ಐದು ತಾಲ್ಲೂಕುಗಳಲ್ಲಿ ಹಳೆಯ ಲೇತ್ ಮಾರಲಿರುವವರು ತಕ್ಕಡಿ ಬರುವ ಮುನ್ನ ಮೂಲೆಯ ಡಬ್ಬಿಗಳನ್ನು ತಡಕಿ, ದೊಡ್ಡ ಚಕ್ರದ ಹಲ್ಲುಗಳನ್ನು ಎಣಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ನಮ್ಮದನ್ನು ನಾವಿನ್ನೂ ಹುಡುಕುತ್ತಿದ್ದೇವೆ.