ಮನೆವಾರ್ತೆ: 500ರ ಗೆರೆ



ಎರಡು ತಿಂಗಳಿಗೊಮ್ಮೆ ಮೀಟರ್ ನೋಡುವವರು ಬಂದು ಬಿಲ್ಲು ಕೊಟ್ಟುಹೋದ ದಿನ ನಮ್ಮ ಕಾಸರಗೋಡು ಕಡೆಯ ಮನೆಗಳಲ್ಲಿ ಒಂದು ಸಣ್ಣ ವಿಚಾರಣೆ ನಡೆಯುತ್ತದೆ. ಇಷ್ಟು ಹೇಗೆ ಬಂತು? ಫ್ಯಾನು ಆರಿಸದೆ ಹೋದದ್ದು ಯಾರು? ಕೊನೆಗೆ ತಪ್ಪು ಬೀಳುವುದು ಹೆಚ್ಚಾಗಿ ಇಡೀ ದಿನ ಮನೆಯಲ್ಲಿರುವವರ ಮೇಲೆ, ಎಂದರೆ ಅಮ್ಮನ ಮೇಲೆ ಇಲ್ಲವೇ ಅಜ್ಜಿಯ ಮೇಲೆ. ಮರುದಿನದಿಂದ ಅವರು ಏಪ್ರಿಲ್ ತಿಂಗಳ ಸೆಕೆಯಲ್ಲೂ ಫ್ಯಾನು ಹಾಕದೆ ಮಲಗುತ್ತಾರೆ. ಮಗ ಕೊಲ್ಲಿಯಿಂದ ಕಳುಹಿಸಿದ ಹಣವನ್ನು ಹೀಗೆ ಬೆವರು ಸುರಿಸಿ ಉಳಿಸುವ ಹಿರಿಯರು ನಮ್ಮ ವಾಳೆಗಳಲ್ಲಿ ಕಡಿಮೆಯೇನಲ್ಲ.

ಅಜ್ಜಿಯ ಫ್ಯಾನು ನಿಜವಾಗಿ ಎಷ್ಟು ತಿನ್ನುತ್ತದೆ? ಲೆಕ್ಕ ಹಾಕಿಯೇ ನೋಡೋಣ. 1000 ವ್ಯಾಟಿನ ಉಪಕರಣ ಒಂದು ಗಂಟೆ ಓಡಿದರೆ ಒಂದು ಯೂನಿಟ್. ಸಾಮಾನ್ಯ ಸೀಲಿಂಗ್ ಫ್ಯಾನು ಸುಮಾರು 75 ವ್ಯಾಟಿನದು. ರಾತ್ರಿ 8 ಗಂಟೆ ತಿರುಗಿದರೆ 600 ವ್ಯಾಟ್-ಗಂಟೆ, ಅಂದರೆ ಮುಕ್ಕಾಲು ಯೂನಿಟ್ ಕೂಡ ಆಗುವುದಿಲ್ಲ. ಎರಡು ತಿಂಗಳ 60 ರಾತ್ರಿಗಳಿಗೆ 36 ಯೂನಿಟ್.

ಈಗ ಬಾವಿಯ ಪಂಪಿನ ಕಡೆಗೆ ಬನ್ನಿ. ಒಂದು ಎಚ್.ಪಿ. ಪಂಪು ಗಂಟೆಗೆ ಹೆಚ್ಚುಕಡಿಮೆ ಒಂದು ಯೂನಿಟ್ ಎಳೆಯುತ್ತದೆ. ಸ್ವಿಚ್ಚು ಹಾಕಿ ಮರೆತು, ಟ್ಯಾಂಕಿ ತುಂಬಿ ಮಾಡಿನಿಂದ ನೀರು ಧಾರಾಕಾರ ಸುರಿದಾಗ ಓಡಿಬಂದು ಆರಿಸುವುದು ಎಷ್ಟೋ ಮನೆಗಳಲ್ಲಿ ನಿತ್ಯದ ರೂಢಿ. ದಿನಕ್ಕೆ ಅರ್ಧ ಗಂಟೆ ಹೀಗೆ ಹೋದರೆ ಎರಡು ತಿಂಗಳಿಗೆ 30 ಯೂನಿಟ್. ಅಜ್ಜಿಯ 60 ರಾತ್ರಿಗಳ ನಿದ್ದೆಗೂ ಅಂಗಳಕ್ಕೆ ಹರಿದುಹೋದ ಈ ನೀರಿಗೂ ಬೆಲೆ ಹೆಚ್ಚುಕಡಿಮೆ ಒಂದೇ! ಟ್ಯಾಂಕಿಗೆ ಒಂದು ಫ್ಲೋಟ್ ಸ್ವಿಚ್ ಹಾಕಿಸಿದರೆ ಈ ನಷ್ಟ ನಿಲ್ಲುತ್ತದೆ. ಬಾವಿಯೊಳಗಿನ ಫುಟ್‌ವಾಲ್ವ್ ಸೋರುತ್ತಿದೆಯೇ ಎಂದೂ ನೋಡಿಸಿ. ಅದು ಸೋರಿದರೆ ಪ್ರತಿ ಸಲವೂ ಪೈಪು ಖಾಲಿಯಾಗಿ, ನೀರು ಏರುವ ಮೊದಲೇ ಪಂಪು ಸುಮ್ಮನೆ ದುಡಿಯುತ್ತದೆ.

ಈ ಮೂವತ್ತು ನಲವತ್ತು ಯೂನಿಟ್‌ಗಳಿಗೆ ಇಷ್ಟು ತಲೆ ಕೆಡಿಸಿಕೊಳ್ಳಬೇಕೇ ಎಂದು ನೀವು ಕೇಳಬಹುದು. ಕೇರಳದ ಗೃಹಬಳಕೆಯ ದರದಲ್ಲಿ ಒಂದು ಗೆರೆ ಇದೆ. ತಿಂಗಳಿಗೆ 250, ಎಂದರೆ ಎರಡು ತಿಂಗಳ ಬಿಲ್ಲಿನಲ್ಲಿ 500 ಯೂನಿಟ್‌ವರೆಗೆ ದರ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ಕೆಳಗಿನ ಮೆಟ್ಟಿಲಿನ ಯೂನಿಟ್‌ಗಳಿಗೆ ಕಡಿಮೆ ದರವೇ ಉಳಿಯುತ್ತದೆ. 500 ದಾಟಿತೋ, ಮೆಟ್ಟಿಲುಗಳೆಲ್ಲ ಮಾಯ. ಮೊದಲನೆಯ ಯೂನಿಟ್‌ನಿಂದ ಕೊನೆಯದರವರೆಗೆ ಎಲ್ಲದಕ್ಕೂ ಒಂದೇ ದೊಡ್ಡ ದರ. ಹಾಗಾಗಿ 498ಕ್ಕೆ ನಿಂತ ಮನೆಗೂ 503ಕ್ಕೆ ಏರಿದ ಮನೆಗೂ ಬಿಲ್ಲಿನಲ್ಲಿ ನೂರಾರು ರೂಪಾಯಿಗಳ ಅಂತರ ಬರುತ್ತದೆ. ಈ ಗೆರೆಯ ಹತ್ತಿರ ಓಡಾಡುವ ಕುಟುಂಬಗಳಿಗೆ 30 ಯೂನಿಟ್ ಸಣ್ಣ ಮಾತಲ್ಲ. ಬಿಲ್ಲಿನಲ್ಲಿ ಬಳಕೆಯ ಯೂನಿಟ್ ಎಲ್ಲಿದೆ ಎಂದು ಮಲಯಾಳ ಓದಬಲ್ಲ ಮೊಮ್ಮಕ್ಕಳಲ್ಲಿ ಕೇಳಿ ತಿಳಿದುಕೊಳ್ಳಿ.

ಪಂಪಿನ ಮಾತು ಬಂದಾಗ ನಮ್ಮ ಸುರಂಗಗಳು ನೆನಪಾಗದೆ ಇರುವುದಿಲ್ಲ. ಬಾಯಾರು, ಎಣ್ಮಕಜೆ ಕಡೆಗಳಲ್ಲಿ ಹಿರಿಯರು ಗುಡ್ಡದ ಮುರಕಲ್ಲನ್ನು ಅಡ್ಡಕ್ಕೆ ಕೊರೆದು, ಒಸರುವ ನೀರನ್ನು ಇಳಿಜಾರಿನಲ್ಲಿ ಹೊರಗೆ ತಂದರು. ಹಿಂದೆ ಅಡಿಕೆ ದಂಬೆಯಲ್ಲಿ, ಈಗ ಪೈಪಿನಲ್ಲಿ ಆ ನೀರು ತಾನಾಗಿ ಅಂಗಳಕ್ಕೆ ಬರುತ್ತದೆ. ಕರೆಂಟೂ ಬೇಡ, ಮೋಟಾರೂ ಬೇಡ. ಇಂಥ ಸುರಂಗ ಇದ್ದೂ ಕೊಳವೆಬಾವಿ ಕೊರೆಸಿ ಪಂಪು ಇಳಿಸಿದವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ಹೂಳು ತೆಗೆಸುವ ಖರ್ಚು ಕೊಳವೆಬಾವಿಯ ಖರ್ಚಿನ ಮುಂದೆ ಏನೂ ಅಲ್ಲ. ಆದರೆ ಒಳಗೆ ಹೋಗುವ ಕೆಲಸ ಅನುಭವ ಇದ್ದವರದು, ಹುಡುಗರನ್ನು ಇಳಿಸಬೇಡಿ.

ಫ್ಯಾನಿಗೆ ಮತ್ತೆ ಬರೋಣ. ಬಿ.ಎಲ್.ಡಿ.ಸಿ. ಎಂಬ ಹೊಸ ಬಗೆಯ ಫ್ಯಾನುಗಳು 30 ವ್ಯಾಟಿನ ಆಸುಪಾಸಿನಲ್ಲೇ ಅಷ್ಟೇ ಗಾಳಿ ಕೊಡುತ್ತವೆ. ಬೆಲೆ ಸುಮಾರು ಮೂರು ಸಾವಿರ. ಹಗಲು ರಾತ್ರಿ ಸೇರಿ 16 ಗಂಟೆ ತಿರುಗುವ ಫ್ಯಾನನ್ನು ಬದಲಿಸಿದರೆ ಪ್ರತಿ ಬಿಲ್ಲಿಗೆ 40 ಯೂನಿಟ್‌ಗಿಂತ ಹೆಚ್ಚು ಉಳಿಯುತ್ತದೆ, ಎರಡು ವರ್ಷದ ಸುಮಾರಿಗೆ ಹಾಕಿದ ಹಣ ವಾಪಸು. ಆದರೆ ನೆಂಟರು ಬಂದಾಗ ಮಾತ್ರ ತಿರುಗುವ ಕೋಣೆಯ ಫ್ಯಾನಿಗೆ ಈ ಖರ್ಚು ದಂಡ. ಮೊದಲು ಬದಲಿಸಬೇಕಾದದ್ದು ಅಜ್ಜಿಯ ಕೋಣೆಯದ್ದು. ಗೋಡೆಯಲ್ಲಿ ಬಿಸಿಯಾಗುವ ಹಳೆಯ ದೊಡ್ಡ ರೆಗ್ಯುಲೇಟರ್ ಇದ್ದರೆ ಅದನ್ನೂ ತೆಗೆಸಿ. ಅದು ಫ್ಯಾನಿನ ವೇಗ ತಗ್ಗಿಸುತ್ತದೆಯೇ ಹೊರತು ಕರೆಂಟನ್ನು ಅಷ್ಟಾಗಿ ಉಳಿಸುವುದಿಲ್ಲ.

ಫ್ರಿಜ್ಜಿನ ಬಾಗಿಲಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಮುಚ್ಚಿ ಎಳೆದು ನೋಡಿ. ಸಲೀಸಾಗಿ ಬಂದರೆ ರಬ್ಬರು ಸಡಿಲವಾಗಿದೆ, ತಂಪು ಸೋರುತ್ತಿದೆ. ಟಿ.ವಿ.ಯನ್ನು ರಿಮೋಟಿನಲ್ಲಿ ಆರಿಸಿದರೂ ಸೆಟ್‌ಟಾಪ್ ಬಾಕ್ಸು ಉರಿಯುತ್ತಲೇ ಇರುತ್ತದೆ. ಅದು 10 ವ್ಯಾಟ್ ಎಳೆದರೆ 60 ದಿನಕ್ಕೆ 14 ಯೂನಿಟ್, ಯಾರೂ ನೋಡದ ಕಾರ್ಯಕ್ರಮಕ್ಕೆ. ಇಸ್ತ್ರಿಯನ್ನು ದಿನಕ್ಕೊಂದು ಅಂಗಿಗೆಂದು ಕಾಯಿಸುವ ಬದಲು ಶನಿವಾರ ಒಮ್ಮೆಗೇ ಮುಗಿಸಿ, ಭಾನುವಾರದ ಪೂಜೆಯ ಬಟ್ಟೆಯೂ ಸೇರಿ.

ಅಡಿಗೆಮನೆಯಲ್ಲಿ ಗ್ಯಾಸನ್ನು ಹೆಚ್ಚು ನುಂಗುವುದು ಕುಚ್ಚಲಕ್ಕಿ ಅನ್ನ. ಇದಕ್ಕೆ ಕೇರಳದಲ್ಲಿ ಒಳ್ಳೆಯ ಉಪಾಯವೊಂದಿದೆ, ನಮ್ಮ ಕನ್ನಡ ಮನೆಗಳಿಗೆ ಅದು ಸಾಕಷ್ಟು ಬಂದಿಲ್ಲವೆಂದು ನನ್ನ ಅನಿಸಿಕೆ. 1962ರಲ್ಲಿ ಹುಟ್ಟಿದ ಕೇರಳ ಶಾಸ್ತ್ರ ಸಾಹಿತ್ಯ ಪರಿಷತ್ತು ಹೊಗೆಯಿಲ್ಲದ ಒಲೆಯ ಜೊತೆಗೆ 'ಚೂಡಾರಪೆಟ್ಟಿ'ಯನ್ನೂ ಮನೆಮನೆಗೆ ತಲುಪಿಸಿತು. ಬಿಸಿ ಆರದ ಪೆಟ್ಟಿಗೆ ಎಂದರ್ಥ. ಅಕ್ಕಿಯನ್ನು ಅರ್ಧ ಗಂಟೆ ನೆನೆಸಿ, ಒಲೆಯ ಮೇಲೆ ಹತ್ತು ಹದಿನೈದು ನಿಮಿಷ ಚೆನ್ನಾಗಿ ಕುದಿಸಿ, ಮುಚ್ಚಳ ಹಾಕಿದ ಪಾತ್ರೆಯನ್ನು ಹಾಗೆಯೇ ಪೆಟ್ಟಿಗೆಯೊಳಗೆ ಇಡುವುದು. ಒಂದೂವರೆ ಗಂಟೆಯೊಳಗೆ ತನ್ನದೇ ಬಿಸಿಯಲ್ಲಿ ಅನ್ನ ಬೆಂದಿರುತ್ತದೆ, ಗಂಜಿ ಬಸಿದರಾಯಿತು. ನಡುವೆ ತೆರೆದು ನೋಡುವ ಆಸೆ ಮಾತ್ರ ಬೇಡ. ಪೆಟ್ಟಿಗೆ ಇಲ್ಲದವರು ದಪ್ಪ ರಟ್ಟಿನ ಪೆಟ್ಟಿಗೆಗೆ ಬೈಹುಲ್ಲು ಅಥವಾ ಹಳೆಯ ಹತ್ತಿಬಟ್ಟೆ ಒತ್ತಿ ತುಂಬಿ ನಡುವೆ ಪಾತ್ರೆ ಕೂರಿಸಿ ನೋಡಬಹುದು. ಅನ್ನ ಇಟ್ಟು ನೆಮ್ಮದಿಯಿಂದ ಇಗರ್ಜಿಗೆ ಹೋಗಿಬರಬಹುದೆನ್ನುವುದು ಗ್ಯಾಸಿನ ಉಳಿತಾಯದ ಮೇಲಿನ ಲಾಭ.

ಸೋಲಾರ್ ಬಗ್ಗೆ ಹಲವರು ಕೇಳುತ್ತಾರೆ. 2024ರ ಫೆಬ್ರವರಿಯಲ್ಲಿ ಆರಂಭವಾದ ಪಿ.ಎಂ. ಸೂರ್ಯಘರ್ ಯೋಜನೆಯಲ್ಲಿ ಮನೆಯ ಮಾಡಿನ ಮೇಲೆ 3 ಕಿಲೋವ್ಯಾಟ್ ಹಾಕಿಸಿದರೆ 78,000 ರೂಪಾಯಿ ಸಹಾಯಧನವಿದೆ. ಬಿಸಿಲಿನ ದಿನ ಒಂದು ಕಿಲೋವ್ಯಾಟಿನಿಂದ ಸುಮಾರು 4 ಯೂನಿಟ್ ಸಿಗುತ್ತದೆ, ನಮ್ಮ ಜುಲೈ ಮಳೆಯಲ್ಲಿ ಬಹಳ ಕಡಿಮೆ. ತೆಂಗಿನ ನೆರಳು ಬೀಳುವ ಮಾಡಿಗೆ ಇದು ಹೇಳಿದ್ದಲ್ಲ. ಮೊದಲು ಮೇಲಿನ ಸಣ್ಣ ಕೆಲಸಗಳನ್ನು ಮುಗಿಸಿ ಬಳಕೆ ಎಲ್ಲಿಗೆ ಇಳಿಯುತ್ತದೆಂದು ನೋಡಿ, ಆಮೇಲೆ ಎಷ್ಟು ಕಿಲೋವ್ಯಾಟ್ ಬೇಕೆಂದು ಯೋಚಿಸಿ.

ಕ್ರಿಸ್ಮಸ್ ನಕ್ಷತ್ರವನ್ನು ಯಾರೂ ಆರಿಸಬೇಕಿಲ್ಲ. ಅದರೊಳಗೆ 40 ವ್ಯಾಟಿನ ಹಳೆಯ ಬಲ್ಬು ಇದ್ದರೆ ಡಿಸೆಂಬರ್ 1ರಿಂದ ಮೂವರು ರಾಯರ ಹಬ್ಬದವರೆಗೆ ರಾತ್ರಿಯಿಡೀ ಉರಿದು 18 ಯೂನಿಟ್ ಆಗುತ್ತದೆ. 5 ವ್ಯಾಟಿನ ಎಲ್.ಇ.ಡಿ. ಹಾಕಿದರೆ ಎರಡು ಯೂನಿಟ್ ಚಿಲ್ಲರೆ.

ಮುಂದಿನ ಬಿಲ್ಲು ಬಂದ ದಿನ ಮೀಟರಿನ ಅಂಕಿಯನ್ನು ಅಡಿಗೆಮನೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಮೂವತ್ತನೆಯ ದಿನ ಮತ್ತೊಮ್ಮೆ ನೋಡಿ. ವ್ಯತ್ಯಾಸ 250 ದಾಟಿದ್ದರೆ ಕೈಯಲ್ಲಿ ಇನ್ನೂ ಒಂದು ತಿಂಗಳಿದೆ.