ಬಿಡಿಸುವುದಕ್ಕೂ ಒಂದು ಕ್ರಮವುಂಟು



ದುಶ್ಚಟಗಳನ್ನು ಬಿಡಿಸುವ ಕಾರ್ಯದಲ್ಲಿ ನಮ್ಮ ಬಾಗಲಕೋಟೆ ಜಿಲ್ಲೆಗೆ ವಿಶೇಷ ಸ್ಥಾನವಿದೆ. ಇಳಕಲ್ಲಿನ ಡಾ. ಮಹಾಂತ ಶಿವಯೋಗಿಗಳು 1975ರಿಂದ ಜೋಳಿಗೆ ಹಿಡಿದು ಊರೂರು ಸಂಚರಿಸಿ, ಜನರ ಚಟಗಳನ್ನೇ ಭಿಕ್ಷೆಯಾಗಿ ಬೇಡಿದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯ ಸರ್ಕಾರ ವ್ಯಸನಮುಕ್ತ ದಿನವೆಂದು ಆಚರಿಸುತ್ತಿದೆ. ಈ ಪುಣ್ಯಕಾರ್ಯವನ್ನು ಮುಂದುವರಿಸಬೇಕೆನ್ನುವ ನಾವು ತಂಬಾಕಿನ ವಿಷಯದಲ್ಲಿ ಒಂದು ಪ್ರಶ್ನೆ ಕೇಳಿಕೊಳ್ಳಲೇಬೇಕು. ಸೇದುವವನಿಗೆ ಬಿಡು ಎನ್ನುತ್ತೇವೆ. ಬೆಳೆಯುವ ರೈತನಿಗೆ ಏನು ಹೇಳುತ್ತೇವೆ? ಮಾರಿ ಲಾಭ ಪಡೆಯುವ ಕಂಪನಿಗೆ ಏನು ಹೇಳುತ್ತೇವೆ? ನನ್ನ ಅಭಿಪ್ರಾಯದಲ್ಲಿ ಇಂದಿನ ಕಾನೂನಿನ ಭಾರವು ಸಣ್ಣವರ ಮೇಲೆ ಬೇಗ ಬೀಳುತ್ತದೆ, ದೊಡ್ಡವರ ಮೇಲೆ ತಡವಾಗಿ ಬೀಳುತ್ತದೆ. ಕಾನೂನು ಸಡಿಲವಾಗಲೆಂದು ನಾನು ಬಯಸುವುದಿಲ್ಲ. ಅದು ಹಿಡಿದ ಕ್ರಮ ತಿರುವುಮುರುವಾಗಿದೆ ಎಂಬುದಷ್ಟೇ ನನ್ನ ಆಕ್ಷೇಪ.

ಮೊದಲು ಒಂದು ತಪ್ಪು ತಿಳಿವಳಿಕೆಯನ್ನು ನಿವಾರಿಸುವೆ. ಚಿಲುಮೆ ಸೇದುವ ಹಿರಿಯರು ಕೆಲವರು, "ಧೂಮಪಾನ ಆಯುರ್ವೇದದಲ್ಲಿಯೇ ಹೇಳಿದೆಯಲ್ಲ" ಎಂದು ನನ್ನನ್ನೇ ಕೇಳುವುದುಂಟು. ಚರಕಸಂಹಿತೆಯಲ್ಲಿ ಧೂಮಪಾನದ ವಿಧಿ ಇರುವುದು ನಿಜ. ಆದರೆ ಅದು ಔಷಧಿದ್ರವ್ಯಗಳನ್ನು ಅರೆದು, ಬತ್ತಿ ಮಾಡಿ, ಒಣಗಿಸಿ, ಗೊತ್ತುಪಡಿಸಿದ ಕಾಲದಲ್ಲಿ, ಗೊತ್ತುಪಡಿಸಿದ ಪ್ರಮಾಣದಲ್ಲಿ ಮಾಡಿಸುವ ಚಿಕಿತ್ಸೆ. ತಂಬಾಕನ್ನು ಚರಕರೂ ಅರಿಯರು, ಸುಶ್ರುತರೂ ಅರಿಯರು. ಅದು ಅಮೆರಿಕ ಖಂಡದ ಗಿಡ. ಪೋರ್ಚುಗೀಸರ ಹಡಗುಗಳೊಡನೆ ನಮ್ಮ ಕರಾವಳಿಗೆ ಬಂದದ್ದು. 17ನೆಯ ಶತಮಾನದ ಆರಂಭದಲ್ಲಿ ಅಕ್ಬರನ ದೂತ ಅಸದ್ ಬೇಗ್ ವಿಜಯಪುರದ ಆದಿಲಶಾಹಿ ರಾಜಧಾನಿಯಲ್ಲಿ ಇದನ್ನು ಕಂಡು, ಅಂದದ ಸೇದುಕೊಳವೆಯೊಂದನ್ನು ಸಿದ್ಧಪಡಿಸಿ, ತಂಬಾಕಿನ ಸಹಿತ ಬಾದಶಹನಿಗೆ ಒಪ್ಪಿಸಿದನು. ಗುಣದೋಷ ತಿಳಿಯದ ವಸ್ತುವೆಂದು ಆಸ್ಥಾನದ ವೈದ್ಯರು ಅದನ್ನು ವಿರೋಧಿಸಿದರು. 1617ರಲ್ಲಿ ಜಹಾಂಗೀರ್ ತಂಬಾಕು ಸೇದಬಾರದೆಂದು ಆಜ್ಞೆ ಹೊರಡಿಸಿದನು. ಆಜ್ಞೆ ಹೋಯಿತು, ತಂಬಾಕು ಉಳಿಯಿತು. ಬರಿಯ ನಿಷೇಧದಿಂದ ಚಟ ಹೋಗುವುದಿಲ್ಲವೆಂಬುದಕ್ಕೆ ಇದು ನಾನೂರು ವರ್ಷಗಳ ಹಿಂದಿನ ಸಾಕ್ಷಿ.

ಚಟ ಹೋಗುವ ದಾರಿಯನ್ನು ಚರಕರು ಸೂತ್ರಸ್ಥಾನದ ಏಳನೆಯ ಅಧ್ಯಾಯದಲ್ಲಿ ತೋರಿಸಿದ್ದಾರೆ. ಬಹುಕಾಲದಿಂದ ಮೈಗೂಡಿದ ಅಹಿತವನ್ನು ಕಾಲುಕಾಲು ಭಾಗವಾಗಿ ಬಿಡುತ್ತ, ಅದರ ಸ್ಥಾನದಲ್ಲಿ ಹಿತವಾದುದನ್ನು ಕಾಲುಕಾಲು ಭಾಗವಾಗಿ ಕೂಡಿಸುತ್ತ ಹೋಗಬೇಕು. ಇದಕ್ಕೆ ಪಾದಾಂಶಿಕ ಕ್ರಮವೆಂದು ಹೆಸರು. ಇದರಲ್ಲಿ ಬಿಡಿಸುವ ಕೈ ಒಂದಾದರೆ ಕೊಡುವ ಕೈ ಮತ್ತೊಂದು. ಎರಡನೆಯ ಕೈ ಇಲ್ಲದಿದ್ದರೆ ರೋಗಿ ಮರಳಿ ಮೊದಲಿನ ಚಟಕ್ಕೇ ಬೀಳುತ್ತಾನೆ. ಕೈಬಿಡಬೇಕಾದುದು ಚಟವಿರಲಿ ಬೆಳೆಯಿರಲಿ, ಈ ನಿಯಮ ಸಲ್ಲುತ್ತದೆಂಬುದು ನನ್ನ ನಂಬಿಕೆ.

ಈಗ ನಮ್ಮ ಸೀಮೆಯ ಸ್ಥಿತಿಯನ್ನು ನೋಡೋಣ. ರಬಕವಿ-ಬನಹಟ್ಟಿಯ ನೇಕಾರನು ನೂಲಿನ ನಡುವೆ ಬೆಂಕಿ ಹಚ್ಚಲಾರನು. ಆದ್ದರಿಂದ ಸುಣ್ಣ ತಿಕ್ಕಿದ ತಂಬಾಕನ್ನೋ ಗುಟಕಾವನ್ನೋ ದವಡೆಯಲ್ಲಿಟ್ಟುಕೊಂಡು ಮಗ್ಗದ ಮುಂದೆ ಕೂಡುತ್ತಾನೆ. ಜಮಖಂಡಿ, ಮುಧೋಳಗಳ ಕಬ್ಬಿನ ಗದ್ದೆಗಳಲ್ಲಿ ಬೀಡಿ ನಡೆಯುತ್ತದೆ. ಬೀಳಗಿಯ ಹಳ್ಳಿಗಳ ಕಟ್ಟೆಗಳ ಮೇಲೆ ಚಿಲುಮೆಯ ಮುದುಕರು ಇನ್ನೂ ಅಲ್ಲಲ್ಲಿ ಕಾಣಸಿಗುತ್ತಾರೆ. 2016–17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ತಂಬಾಕು ಬಳಸುತ್ತಿದ್ದರು. ಅವರಲ್ಲಿ ಸೇದುವವರಿಗಿಂತ ಅಗಿಯುವವರೇ ಹೆಚ್ಚು. ಕಾನೂನು ಎಚ್ಚರಿಕೆಯ ಚಿತ್ರವನ್ನು ಅಚ್ಚು ಮಾಡಿಸುವುದು ಪ್ಯಾಕೇಟಿನ ಮೇಲೆ. ಸಂತೆಯಲ್ಲಿ ತೂಗಿ, ಕಾಗದದಲ್ಲಿ ಕಟ್ಟಿಕೊಡುವ ತಂಬಾಕಿನ ಮೇಲೆ ಯಾವ ಚಿತ್ರವಿದ್ದೀತು? ಚಿಲುಮೆಯ ಮುದುಕನಿಗೆ ಸರ್ಕಾರದ ಎಚ್ಚರಿಕೆ ಒಂದು ದಿನವೂ ಮುಟ್ಟಿಲ್ಲ.

ದೊಡ್ಡವರ ಕಡೆಗೆ ಬರೋಣ. ಪ್ಯಾಕೇಟಿನ ಶೇ. 85 ಭಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂಬ ನಿಯಮವನ್ನು ಕೇಂದ್ರ ಸರ್ಕಾರ 2014ರ ಅಕ್ಟೋಬರಿನಲ್ಲಿ ಪ್ರಕಟಿಸಿತು. 2015ರ ಏಪ್ರಿಲ್ಲಿನಲ್ಲಿ ಅದು ಜಾರಿಯಾಗಬೇಕಿತ್ತು. ಅಷ್ಟರಲ್ಲಿ ಸಂಸದೀಯ ಸಮಿತಿಯೊಂದು ರೈತರ, ಬೀಡಿ ಕಾರ್ಮಿಕರ ಹೊಟ್ಟೆಪಾಡಿನ ಮಾತನ್ನು ಮುಂದೆ ಮಾಡಿತು; ಸ್ವತಃ ಬೀಡಿ ಉದ್ಯಮಿಯಾಗಿದ್ದ ಸದಸ್ಯರೊಬ್ಬರು ಆ ಸಮಿತಿಯಲ್ಲಿಯೇ ಇದ್ದರು. ನಿಯಮ ಜಾರಿಯಾದುದು 2016ರ ಏಪ್ರಿಲ್ 1ರಂದು. ಆಗ ದೊಡ್ಡ ಸಿಗರೇಟು ಕಂಪನಿಗಳು ಕಾರ್ಖಾನೆ ನಿಲ್ಲಿಸಿ ಪ್ರತಿಭಟಿಸಿದವು. 2017ರ ಡಿಸೆಂಬರಿನಲ್ಲಿ ನಮ್ಮ ರಾಜ್ಯದ ಉಚ್ಚ ನ್ಯಾಯಾಲಯ ಆ ನಿಯಮವನ್ನು ರದ್ದುಗೊಳಿಸಿತು. ಮರು ತಿಂಗಳು ಸರ್ವೋಚ್ಚ ನ್ಯಾಯಾಲಯ ಆ ತೀರ್ಪಿಗೆ ತಡೆ ನೀಡಿದ್ದರಿಂದ ಚಿತ್ರ ಉಳಿಯಿತು. ಒಂದು ಚಿತ್ರವನ್ನು ದೊಡ್ಡದು ಮಾಡಲು ದೇಶಕ್ಕೆ ಇಷ್ಟು ಕಾಲ ಬೇಕಾಯಿತು. ಗುಟಕಾದ ಕಥೆಯೂ ಇಂಥದೇ. 2013ರಲ್ಲಿ ರಾಜ್ಯ ಸರ್ಕಾರ ಅದನ್ನು ನಿಷೇಧಿಸಿತು. ಪಾನ್ ಮಸಾಲೆಯ ಚೀಟಿ ಬೇರೆ, ತಂಬಾಕಿನ ಚೀಟಿ ಬೇರೆಯಾಗಿ ಅಂಗಡಿಯಲ್ಲಿ ತೂಗಿದವು. ಕೊಂಡವನು ಅಂಗೈಯಲ್ಲಿ ಎರಡನ್ನೂ ಕೂಡಿಸಿಕೊಂಡನು. ಅದೇ ಹೆಸರಿನ ಏಲಕ್ಕಿಯನ್ನು ಸಿನಿಮಾ ನಟರು ಹೊಗಳುವುದನ್ನು ಮನೆಮಂದಿಯೆಲ್ಲ ಟಿ.ವಿ.ಯಲ್ಲಿ ನೋಡುತ್ತೇವೆ. ಇನ್ನೊಂದು ಸಂಗತಿ: ನಮ್ಮ ಜೀವಕ್ಕೆ ವಿಮೆ ಮಾಡುವ ಸರ್ಕಾರಿ ನಿಗಮವೇ ದೇಶದ ಅತಿದೊಡ್ಡ ಸಿಗರೇಟು ಕಂಪನಿಯ ದೊಡ್ಡ ಷೇರುದಾರರಲ್ಲಿ ಒಂದು.

ಇತ್ತ ರಾಜ್ಯದ ಹೊಸ ತಿದ್ದುಪಡಿಯು 21 ವರ್ಷದೊಳಗಿನವರಿಗೆ ತಂಬಾಕು ಮಾರುವುದನ್ನು ನಿಷೇಧಿಸಿದೆ. ಸಾರ್ವಜನಿಕ ಸ್ಥಳದಲ್ಲಿ ಸೇದಿದವರಿಗೆ ಇದ್ದ 200 ರೂಪಾಯಿ ದಂಡವನ್ನು 1000ಕ್ಕೆ ಏರಿಸಿದೆ. ಇವನ್ನು ನಾನು ಸ್ವಾಗತಿಸುತ್ತೇನೆ. ಆದರೆ ಬಸ್ ನಿಲ್ದಾಣದಲ್ಲಿ ಸಿಕ್ಕಿಬೀಳುವವನು ಕೂಲಿಕಾರ. ಅವನಿಗೆ ನ್ಯಾಯಾಲಯದ ಮೆಟ್ಟಿಲೇರಿ ಮೂರು ವರ್ಷ ತಳ್ಳುವ ಅನುಕೂಲವಿಲ್ಲ.

ಇನ್ನು ಬೆಳೆಯುವವನ ಮಾತು. ನಮ್ಮ ನಾಲ್ಕೂ ಊರುಗಳ ಸೀಮೆ ಕಬ್ಬು, ಜೋಳ, ಅರಿಸಿನಗಳದ್ದು. ತಂಬಾಕಿನ ನಾಡೆಂದರೆ ಪಕ್ಕದ ಬೆಳಗಾವಿ ಜಿಲ್ಲೆಯ ನಿಪ್ಪಾಣಿ. ಅಲ್ಲಿಯ ಬೀಡಿ ತಂಬಾಕಿಗೆ ವ್ಯಾಪಾರಿ ಹೇಳಿದ್ದೇ ದರವಾಗಿತ್ತು. ನ್ಯಾಯವಾದ ಬೆಲೆ ಕೇಳಿ 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ರೈತರು ಹೆದ್ದಾರಿಯಲ್ಲಿ ಕುಳಿತರು. ಏಪ್ರಿಲ್ 6ರಂದು ನಡೆದ ಗೋಲಿಬಾರಿನಲ್ಲಿ ರೈತರು ಪ್ರಾಣ ತೆತ್ತರು. ಚಿತ್ರ ದೊಡ್ಡದಾದರೆ ರೈತ ಉಪವಾಸ ಬೀಳುತ್ತಾನೆಂದು ಇಂದು ಮರುಗುವ ಉದ್ಯಮವು, ಅಂದು ಆ ರೈತರಿಗೆ ಬೆಲೆ ಕೊಟ್ಟಿದ್ದರೆ ಅವರೇಕೆ ರಸ್ತೆಗೆ ಬರುತ್ತಿದ್ದರು? ದಕ್ಷಿಣದ ಹುಣಸೂರು, ಪಿರಿಯಾಪಟ್ಟಣಗಳ ವರ್ಜೀನಿಯಾ ಬೆಳೆಗಾರರಿಗೆ 1975ರ ಕಾಯಿದೆಯಿಂದ ಹುಟ್ಟಿದ ತಂಬಾಕು ಮಂಡಳಿಯ ಹರಾಜಾದರೂ ಇದೆ. ಅಲ್ಲಿಯೂ ಎಷ್ಟು ಬೆಳೆಯಬೇಕೆಂಬುದನ್ನು ಮಂಡಳಿ ಗೊತ್ತುಪಡಿಸುತ್ತದೆ. ಮಿತಿ ಮೀರಿದರೆ ದಂಡ ರೈತನಿಗೆ. ಬೆಳೆಗಾರನ ಆರೋಗ್ಯವೂ ಇದರಿಂದ ಕೆಡುತ್ತದೆ. ಒದ್ದೆ ಎಲೆಯನ್ನು ಬರಿಗೈಯಿಂದ ಕೀಳುವಾಗ ನಿಕೋಟಿನ್ ಚರ್ಮದ ಮೂಲಕ ಮೈಸೇರಿ ವಾಂತಿ, ತಲೆಸುತ್ತು ತರುತ್ತದೆ. ಒಂದು ಬೀಡಿಯನ್ನೂ ಸೇದದ ಹೆಣ್ಣುಮಗಳಿಗೂ ಇದು ತಪ್ಪದು.

ಒಂದೇ ಕಾರ್ಖಾನೆಯ ಬಾಗಿಲಿಗೆ ಕಟ್ಟುಬಿದ್ದ ಬೆಳೆಯ ಕಷ್ಟ ನಮ್ಮ ಕಬ್ಬು ಬೆಳೆಗಾರರಿಗೆ ಚೆನ್ನಾಗಿ ಗೊತ್ತು. 2025ರ ನವೆಂಬರಿನಲ್ಲಿ ಬೆಲೆಗಾಗಿ ಮುಧೋಳ ಸೀಮೆ ಹೇಗೆ ಕುದಿಯಿತೆಂಬುದನ್ನು ಎಲ್ಲರೂ ಕಂಡಿದ್ದೇವೆ. ಆದರೂ ಕಬ್ಬಿಗೆ ಕೇಂದ್ರ ಸರ್ಕಾರ ಘೋಷಿಸುವ ಒಂದು ದರವಿದೆ, ಅದನ್ನು ಹಿಡಿದು ಹೋರಾಡಬಹುದು. ತಂಬಾಕನ್ನು ಬಿಡು ಎಂದು ರೈತನಿಗೆ ಹೇಳುವವರು ಅವನು ಹಿಡಿಯಬೇಕಾದ ಬೆಳೆಗೂ ಅಂಥದೊಂದು ಆಸರೆಯನ್ನು ಮೊದಲು ತೋರಿಸಬೇಕು. ಇದು ನನ್ನೊಬ್ಬನ ಬೇಡಿಕೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದಕ್ಕೆ ಭಾರತ 2004ರಲ್ಲಿಯೇ ಸಮ್ಮತಿಸಿದೆ. ಬೆಳೆಗಾರರಿಗೂ ಕಾರ್ಮಿಕರಿಗೂ ಲಾಭದಾಯಕವಾದ ಬದಲಿ ಜೀವನೋಪಾಯ ಒದಗಿಸಬೇಕೆಂದು ಅದರ 17ನೆಯ ವಿಧಿ ಹೇಳುತ್ತದೆ. ತಂಬಾಕಿನಿಂದ ಬರುವ ತೆರಿಗೆಯಲ್ಲಿ ಒಂದು ಪಾಲನ್ನು ಈ ಕಾರ್ಯಕ್ಕೆಂದೇ ತೆಗೆದಿರಿಸಿ, ಕೆಲವು ವರ್ಷಗಳ ಅವಧಿಯಲ್ಲಿ ಹೊಲದ ಕಾಲುಭಾಗದಂತೆ ಬೆಳೆ ಬದಲಿಸಲು ರೈತನಿಗೆ ನೆರವಾಗಬೇಕು. ಕಂಪನಿಗಳಿಗೆ ಮಾತ್ರ ಕಾಲುಭಾಗದ ರಿಯಾಯಿತಿ ಸಲ್ಲದು: ಮರೆಮಾಚಿದ ಜಾಹೀರಾತು, ಜೋಡಿ ಚೀಟಿಗಳ ಮಾರಾಟ ಇವು ಒಮ್ಮೆಗೇ ನಿಲ್ಲಬೇಕು. ರೈತನ ಹೊಲಕ್ಕೆ ಪಾದಾಂಶಿಕ ಕ್ರಮ, ಕಂಪನಿಯ ಉಪಾಯಕ್ಕೆ ಪೂರ್ಣವಿರಾಮ, ಇದು ನ್ಯಾಯ. ಕಾಯಕದ ಫಲ ಮತ್ತೊಬ್ಬರ ದೇಹವನ್ನು ಸುಡಬಾರದೆಂದು ನಂಬಿದವರು ನಾವು. ಆ ಕಾಯಕವನ್ನು ಬದಲಿಸಲು ಹೊರಟ ರೈತನಿಗೆ ಬೆಂಬಲವಾಗುವುದೂ ದಾಸೋಹವೇ.

ಕೊನೆಗೆ ವೈದ್ಯನಾಗಿ ಎರಡು ಮಾತು. ಕನ್ನಡಿಯ ಮುಂದೆ ಬಾಯಿ ತೆರೆದು ನಿಮ್ಮ ಮೂರು ಬೆರಳುಗಳನ್ನು ಒಂದರ ಮೇಲೊಂದಿಟ್ಟು ಹಲ್ಲುಗಳ ನಡುವೆ ತೂರಿಸಿ ನೋಡಿರಿ. ಅವು ಹಿಡಿಸದಿದ್ದರೆ, ಕೆನ್ನೆಯೊಳಗೆ ಬಿಳಿಯ ಅಥವಾ ಕೆಂಪು ಮಚ್ಚೆ ಇದ್ದರೆ, ಎರಡು ವಾರ ಕಳೆದರೂ ಮಾಯದ ಹುಣ್ಣಿದ್ದರೆ, ಕಷಾಯ ಕುಡಿಯುತ್ತ ದಿನ ಕಳೆಯಬೇಡಿರಿ. ಕೂಡಲೇ ದಂತವೈದ್ಯರಿಗೋ ಹುಬ್ಬಳ್ಳಿ ನವನಗರದ ಕ್ಯಾನ್ಸರ್ ಆಸ್ಪತ್ರೆಗೋ ತೋರಿಸಿರಿ. ಅಡಿಕೆಯೂ ಈ ಬಾಯಿಬಿಗಿತಕ್ಕೆ ದೊಡ್ಡ ಕಾರಣವೆಂಬುದು ನೆನಪಿರಲಿ. ತಂಬಾಕಿಲ್ಲದ ಪಾನ್ ಮಸಾಲೆ ನಿರಪಾಯಕಾರಿಯಲ್ಲ. ಒಮ್ಮೆಗೇ ಬಿಡಬಲ್ಲವರು ಇಂದೇ ಬಿಡಿರಿ. ಆಗದವರು ದಿನದ ಲೆಕ್ಕದಲ್ಲಿ ಕಾಲುಭಾಗ ತಗ್ಗಿಸುತ್ತ, ಬಯಕೆ ಕಾಡಿದಾಗ ಸೋಂಪನ್ನೋ ಲವಂಗವನ್ನೋ ಬಾಯಿಗಿಟ್ಟುಕೊಂಡು, ಬಿಡುವ ದಿನಾಂಕವೊಂದನ್ನು ಗೊತ್ತುಮಾಡಿಕೊಳ್ಳಿರಿ. ಬಿಡಲು ನೆರವಾಗುವ ಸರ್ಕಾರದ ಉಚಿತ ದೂರವಾಣಿ 1800-112-356. ಮನೆಯಲ್ಲಿ ಚಿಲುಮೆಯ ಅಜ್ಜನಿದ್ದರೆ ಗದರಿಸಬೇಡಿರಿ. ಪ್ಯಾಕೇಟಿನ ಚಿತ್ರ ಅವನಿಗೆ ಮುಟ್ಟಲಿಲ್ಲ. ಆ ಎಚ್ಚರಿಕೆಯನ್ನು ಅವನ ಪಕ್ಕದಲ್ಲಿ ಕುಳಿತು ನೀವೇ ಹೇಳಿರಿ.