ಮಾಜಿ ಸೈನಿಕರಿಗೆ ಐಟಿ ಕೆಲಸ: ಆ ಫಾರ್ವರ್ಡ್ ಮೆಸೇಜಿನಲ್ಲಿ ನಿಜವೆಷ್ಟು?

ಧಾರವಾಡದಿಂದ ಸವದತ್ತಿ ಕಡೆ ಹೋಗುವ ರಸ್ತೆಯಲ್ಲಿರುವ ಅಮ್ಮಿನಬಾವಿ ನಮ್ಮೂರು. ನಮ್ಮ ಮನೆಯವರ ವಾಟ್ಸಾಪ್ ಗ್ರೂಪಿಗೆ ಈಚೆಗೆ ಒಂದು ಮೆಸೇಜ್ ಬಂತು. ಮಾಜಿ ಸೈನಿಕರಿಗೆ ಐಟಿ ಕಂಪನಿಗಳಲ್ಲಿ ಮೀಸಲಾತಿ ಇದೆಯಂತೆ, ಪದವಿ ಬೇಕಿಲ್ಲವಂತೆ, ಮೂರು ತಿಂಗಳ ಕೋರ್ಸ್ ಮಾಡಿದರೆ ಕೆಲಸ ಗ್ಯಾರಂಟಿಯಂತೆ. ಎಲ್ಲ ಸೈನಿಕ ಕುಟುಂಬಗಳಿಗೂ ಕಳಿಸಿ ಎಂಬ ಕೋರಿಕೆ, ಕೆಳಗೆ ಒಂದು ಫೋನ್ ನಂಬರು.

ಅದನ್ನು ನನಗೆ ಕಳಿಸಿದವರು ನಮ್ಮ ಕಾಕಾ. ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ ದುಡಿದು ಹವಾಲ್ದಾರ್ ಆಗಿ ನಿವೃತ್ತರಾದವರು. 'ಇದು ಖರೇನ ಐತೇನವಾ?' ಎಂದು ಕೇಳಿದ್ದರು. ಹಾಗೆ ಕೇಳಲು ಕಾರಣವಿತ್ತು. ಊರಿಗೆ ಮರಳಿದ ವರ್ಷ ಇಂಥದ್ದೇ ಮಾತು ನಂಬಿ ಒಂದು ತರಬೇತಿ ಸಂಸ್ಥೆಗೆ 45 ಸಾವಿರ ರೂಪಾಯಿ ಕಟ್ಟಿದ್ದರು. ಕೊನೆಗೆ ಸಿಕ್ಕಿದ್ದು ಒಂದು ಸರ್ಟಿಫಿಕೇಟು ಮಾತ್ರ. ಕೆಲಸ ಕೊಡಿಸುತ್ತೇವೆ ಎಂದವರು ಆಮೇಲೆ ಫೋನ್ ಎತ್ತಲೇ ಇಲ್ಲ.

'ತಡೀರಿ ಕಾಕಾ, ನೋಡಿ ಹೇಳ್ತೀನಿ' ಎಂದೆ. ನೋಡಿದ್ದನ್ನು ನಿಮ್ಮ ಮುಂದೆಯೂ ಇಡುತ್ತಿದ್ದೇನೆ. ಮೆಸೇಜಿನ ಒಂದೊಂದು ಮಾತನ್ನೂ ಬಿಡಿಸಿ ನೋಡೋಣ.

ನಲವತ್ತಕ್ಕೇ ನಿವೃತ್ತಿ ಏಕೆ?

ಸೇನೆಗೆ ಸಿಪಾಯಿಯಾಗಿ ಸೇರುವವರು ಹೆಚ್ಚಾಗಿ 18-20 ವರ್ಷದವರು. 15 ವರ್ಷ ಸೇವೆ ಮುಗಿಸಿದರೆ ಪಿಂಚಣಿಗೆ ಅರ್ಹರು. ಪಡೆಗಳು ತರುಣವಾಗಿರಬೇಕು ಎಂಬ ಕಾರಣಕ್ಕೆ ಸೇವಾವಧಿಯನ್ನೇ ಹಾಗೆ ಇಟ್ಟಿದ್ದಾರೆ. ಆದ್ದರಿಂದ ಬಹಳ ಮಂದಿ 35ರಿಂದ 45ರ ನಡುವೆ ಮನೆಗೆ ಮರಳುತ್ತಾರೆ. ಮೂರೂ ಪಡೆಗಳಿಂದ ಹೀಗೆ ಹೊರಬರುವವರು ವರ್ಷಕ್ಕೆ ಸುಮಾರು 60 ಸಾವಿರ.

ಅದೇ ಹೊತ್ತಿಗೆ ಮಕ್ಕಳ ಓದು, ಮನೆ ಕಟ್ಟುವುದು, ವಯಸ್ಸಾದ ತಂದೆ ತಾಯಿ ಎಲ್ಲ ಒಟ್ಟಿಗೆ ಬರುತ್ತವೆ. ಪಿಂಚಣಿಯೊಂದೇ ಸಾಲುವುದಿಲ್ಲ. ಕೈಯಲ್ಲಿ ನಿವೃತ್ತಿಯ ಹಣ, ಮುಂದೆ ಇಪ್ಪತ್ತು ವರ್ಷ ದುಡಿಯುವ ವಯಸ್ಸು, ಹೊರಗಿನ ನೌಕರಿ ಪೇಟೆಯ ಪರಿಚಯ ಇಲ್ಲ. ಮೋಸ ಮಾಡುವವರು ಹುಡುಕುವುದು ಇಂಥವರನ್ನೇ.

'ಐಟಿ ಕಂಪನಿಗಳಲ್ಲಿ ಮೀಸಲಾತಿ': ಸುಳ್ಳು

ಮಾಜಿ ಸೈನಿಕರಿಗೆ ಮೀಸಲಾತಿ ಇರುವುದು ನಿಜ, ಆದರೆ ಅದು ಸರ್ಕಾರಿ ವಲಯದಲ್ಲಿ. ಕೇಂದ್ರ ಸರ್ಕಾರದ ಗ್ರೂಪ್ 'ಸಿ' ಹುದ್ದೆಗಳಲ್ಲಿ ಶೇ 10, ಕೇಂದ್ರದ ಸಾರ್ವಜನಿಕ ಉದ್ದಿಮೆ ಮತ್ತು ರಾಷ್ಟ್ರೀಕೃತ ಬ್ಯಾಂಕುಗಳ ಅದೇ ದರ್ಜೆಯಲ್ಲಿ ಶೇ 14.5. ಕರ್ನಾಟಕ ಸರ್ಕಾರದ ನೇಮಕಾತಿಯಲ್ಲೂ ಶೇ 10 ಇದೆ. ಖಾಸಗಿ ಐಟಿ ಕಂಪನಿಗಳಿಗೆ ಇಂಥ ಯಾವ ನಿಯಮವೂ ಇಲ್ಲ. ಕೆಲವು ದೊಡ್ಡ ಕಂಪನಿಗಳು ತಾವಾಗಿಯೇ ಮಾಜಿ ಸೈನಿಕರನ್ನು ತೆಗೆದುಕೊಳ್ಳುತ್ತವೆ. ಅದು ಅವರ ಇಚ್ಛೆ, ಯಾರ ಹಕ್ಕೂ ಅಲ್ಲ.

'ಪದವಿ ಬೇಕಿಲ್ಲ': ಅರ್ಧ ಸತ್ಯ

ಈ ಮಾತಿನ ಮೂಲ 1986ರ ಒಂದು ಕೇಂದ್ರ ಸರ್ಕಾರಿ ಅಧಿಸೂಚನೆ. ಹತ್ತನೇ ತರಗತಿ ಪಾಸಾಗಿ 15 ವರ್ಷ ಸೇವೆ ಮಾಡಿದ ಮಾಜಿ ಸೈನಿಕರನ್ನು, ಪದವಿ ಕೇಳುವ ಗ್ರೂಪ್ 'ಸಿ' ಹುದ್ದೆಗಳಿಗೆ ಅರ್ಹರೆಂದು ಪರಿಗಣಿಸಬಹುದು ಎನ್ನುತ್ತದೆ ಅದು. ಸೇನೆ ಕೊಡುವ 'ಗ್ರಾಜುಯೇಷನ್ ಸರ್ಟಿಫಿಕೇಟ್' ಇದರ ಮೇಲೆ ನಿಂತಿದೆ. ಆದರೆ ತಾಂತ್ರಿಕ ಅಥವಾ ವೃತ್ತಿಪರ ಅರ್ಹತೆ ಕಡ್ಡಾಯವಿರುವ ಹುದ್ದೆಗೆ ಇದು ಅನ್ವಯಿಸದು. ವಿಶ್ವವಿದ್ಯಾಲಯದ ಬಿ.ಎ., ಬಿ.ಎಸ್ಸಿ.ಗೆ ಇದು ಸಮವೂ ಅಲ್ಲ. ಖಾಸಗಿ ಕಂಪನಿ ಇದನ್ನು ಒಪ್ಪಲೇಬೇಕು ಎಂದೇನಿಲ್ಲ. ಐಟಿ ಕೆಲಸಕ್ಕೆ ಇದೊಂದೇ ಸಾಕು ಎಂದು ಯಾರಾದರೂ ಹೇಳಿದರೆ ಅಲ್ಲಿಗೇ ಮಾತು ಮುಗಿಸಿ.

'ಮೂರು ತಿಂಗಳು, ಕೆಲಸ ಗ್ಯಾರಂಟಿ': ನಂಬಬೇಡಿ

ಮೂರು ತಿಂಗಳಲ್ಲಿ ಕೋಡಿಂಗಿನ ಅ ಆ ಇ ಈ ಕಲಿಯಬಹುದು. ಆದರೆ ಅದೇ ಕೆಲಸಕ್ಕೆ ನಾಲ್ಕು ವರ್ಷ ಓದಿದ ಲಕ್ಷಾಂತರ ಎಂಜಿನಿಯರಿಂಗ್ ಪದವೀಧರರು ಪ್ರತಿವರ್ಷ ಸಾಲಿನಲ್ಲಿ ನಿಲ್ಲುತ್ತಾರೆ. ಹುಬ್ಬಳ್ಳಿ-ಧಾರವಾಡದಲ್ಲೇ ಐಐಟಿ, ಐಐಐಟಿ, ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ ಇವೆ. ಅವರ ಜೊತೆ ಅವರದೇ ಆಟದಲ್ಲಿ ಪೈಪೋಟಿಗಿಳಿಯುವುದು ಕಷ್ಟ. ಇನ್ನೊಬ್ಬರ ಕಂಪನಿಯಲ್ಲಿ ಕೆಲಸ ಕೊಡಿಸುವ ಗ್ಯಾರಂಟಿಯನ್ನು ತರಬೇತಿ ಸಂಸ್ಥೆ ಕೊಡಲು ಸಾಧ್ಯವೂ ಇಲ್ಲ.

ಸೈನಿಕರ ಪುನರ್ವಸತಿಗೆಂದೇ ರಕ್ಷಣಾ ಸಚಿವಾಲಯದ ಕೆಳಗೆ ಪುನರ್ವಸತಿ ಮಹಾನಿರ್ದೇಶನಾಲಯ ಇದೆ. ಎಲ್ಲರೂ ಡಿಜಿಆರ್ ಎನ್ನುತ್ತಾರೆ. ಕಂಪ್ಯೂಟರ್, ನೆಟ್‌ವರ್ಕಿಂಗ್ ಸೇರಿ ಹಲವು ಕೋರ್ಸುಗಳನ್ನು ಅದು ನಡೆಸುತ್ತದೆ. ಅಧಿಕಾರಿಗಳಲ್ಲದ ದರ್ಜೆಯವರ ಶುಲ್ಕವನ್ನು ಸರ್ಕಾರವೇ ಭರಿಸುತ್ತದೆ. ಆದರೆ ಈ ಕೋರ್ಸುಗಳು ಮುಖ್ಯವಾಗಿ ನಿವೃತ್ತಿಗೆ ಮುಂಚಿನ ಕೊನೆಯ ಅವಧಿಯಲ್ಲಿರುವವರಿಗೆ. ಊರಿಗೆ ಬಂದ ಮೇಲೆ ವಿಚಾರಿಸೋಣ ಎಂದು ಬಿಟ್ಟರೆ ಅವಕಾಶ ತಪ್ಪಬಹುದು. ನಿಮ್ಮ ಮನೆಯಲ್ಲಿ ಯಾರಾದರೂ ಇನ್ನೂ ಸೇವೆಯಲ್ಲಿದ್ದರೆ ಫಾರ್ವರ್ಡ್ ಮಾಡಬೇಕಾದ ಮಾಹಿತಿ ಇದು.

'ಈ ವಯಸ್ಸಿನಲ್ಲಿ ತಲೆಗೆ ಹತ್ತಲ್ಲ': ಇದೂ ಸುಳ್ಳೇ

ಇದು ಮೆಸೇಜಿನಲ್ಲಿ ಇರುವುದಿಲ್ಲ, ಮನೆಯವರೇ ಹೇಳುತ್ತಾರೆ. ವಯಸ್ಸಾದಂತೆ ಮಿದುಳಿನ ವೇಗ ನಿಧಾನವಾಗಿ ತಗ್ಗುವುದು ನಿಜ. ಆದರೆ ಅನುಭವದಿಂದ ಕೂಡಿಟ್ಟ ಜ್ಞಾನ ಮತ್ತು ಶಬ್ದ ಸಂಪತ್ತು ನಡುವಯಸ್ಸಿನ ನಂತರವೂ ಬೆಳೆಯುತ್ತವೆ. ಹೊಸದನ್ನು ಕಲಿಯಲು ತುಸು ಹೆಚ್ಚು ಸಮಯ ಬೇಕು, ಅಷ್ಟೇ.

ಅಮೆರಿಕದ ಗ್ರೇಸ್ ಹಾಪರ್ ಗಣಿತ ಕಲಿಸುವ ಪ್ರಾಧ್ಯಾಪಕಿಯಾಗಿದ್ದರು. 1943ರಲ್ಲಿ ನೌಕಾಪಡೆಯ ಮೀಸಲು ದಳ ಸೇರಿದರು. ಮರುವರ್ಷ ಹಾರ್ವರ್ಡಿನಲ್ಲಿ ಮಾರ್ಕ್-1 ಎಂಬ ಗಣಕಯಂತ್ರದ ಕೆಲಸಕ್ಕೆ ಹೋದಾಗ ಅವರಿಗೆ 37 ವರ್ಷ. ಮುಂದೆ ಬ್ಯಾಂಕುಗಳು ದಶಕಗಳ ಕಾಲ ಬಳಸಿದ ಕೋಬಾಲ್ ಭಾಷೆಗೆ ಅವರ ಕೆಲಸವೇ ಬುನಾದಿಯಾಯಿತು. ಆದರೆ ಒಂದು ಮಾತು ಮರೆಯಬಾರದು. ಹಾಪರ್ ಬರಿಗೈಯಲ್ಲಿ ಬಂದವರಲ್ಲ, ಗಣಿತದಲ್ಲಿ ಡಾಕ್ಟರೇಟ್ ಇತ್ತು. ಗೊತ್ತಿದ್ದುದರ ಪಕ್ಕದ ಬಾಗಿಲಿನಿಂದ ಒಳಗೆ ಹೋದರು. ದಾರಿ ಬದಲಿಸುವವರು ನೋಡಬೇಕಾದ್ದು ಈ ಪಕ್ಕದ ಬಾಗಿಲನ್ನೇ.

ತಂತ್ರಜ್ಞಾನ ಎಂದರೆ ಕೋಡಿಂಗ್ ಒಂದೇ ಅಲ್ಲ

ನಮ್ಮೂರನ್ನೇ ನೋಡಿ. ಹುಬ್ಬಳ್ಳಿ-ಧಾರವಾಡ ಕುಡಿಯುವ ಮಲಪ್ರಭಾ ನೀರು ಸವದತ್ತಿ ಕಡೆಯಿಂದ ಬಂದು ಶುದ್ಧವಾಗುವುದು ಅಮ್ಮಿನಬಾವಿಯ ಘಟಕದಲ್ಲಿ. ಯಾವುದೇ ಆಧುನಿಕ ನೀರಿನ ಘಟಕದಲ್ಲಿ ಪಂಪು, ಸೆನ್ಸರ್, ನಿಯಂತ್ರಣ ಫಲಕಗಳನ್ನು ಹಗಲೂ ರಾತ್ರಿ ನೋಡಿಕೊಳ್ಳುವವರು ಬೇಕು. ಅವಳಿ ನಗರದ ನಡುವೆ ಓಡುವ ಚಿಗರಿ ಬಸ್ಸಿನ ನಿಲ್ದಾಣದಲ್ಲಿ ತಾನಾಗಿ ತೆರೆಯುವ ಬಾಗಿಲು, ಟಿಕೆಟ್ ಗೇಟು, ಮಾಹಿತಿ ಪರದೆ ಇವೆ. ಅವು ಕೆಟ್ಟಾಗ ಸರಿಪಡಿಸುವವರೂ ತಂತ್ರಜ್ಞರೇ.

ಸೇನೆಯಲ್ಲಿ ಮಾಡಿದ ಕೆಲಸಕ್ಕೆ ಹತ್ತಿರದ ಹೊರಗಿನ ಕೆಲಸ ಯಾವುದು ಎಂದು ಹೀಗೆ ನೋಡಬಹುದು:

- ಸಿಗ್ನಲ್ಸ್‌ನ ಆಪರೇಟರ್, ಲೈನ್‌ಮನ್, ರೇಡಿಯೋ ಮೆಕ್ಯಾನಿಕ್: ಫೈಬರ್ ಇಂಟರ್‌ನೆಟ್, ಮೊಬೈಲ್ ಟವರ್ ನಿರ್ವಹಣೆ, ನೆಟ್‌ವರ್ಕ್ ನಿಗಾ ಕೇಂದ್ರ.
- ಇಎಂಇ, ವಾಯುಪಡೆಯ ತಾಂತ್ರಿಕ ವಿಭಾಗ: ಕಾರ್ಖಾನೆಯ ಯಂತ್ರಗಳ ಸ್ವಯಂಚಾಲನೆ, ಸಿಎನ್‌ಸಿ, ವಿದ್ಯುತ್ ವಾಹನ ದುರಸ್ತಿ.
- ಕ್ಲರ್ಕ್, ಸ್ಟೋರ್ ಕೀಪರ್: ಐಟಿ ಹೆಲ್ಪ್ ಡೆಸ್ಕ್, ದಾಸ್ತಾನು ಸಾಫ್ಟ್‌ವೇರ್, ತಂತ್ರಾಂಶ ಪರೀಕ್ಷೆ.
- ಪದಾತಿ ದಳ: ಸಿಸಿಟಿವಿ ನಿಯಂತ್ರಣ ಕೊಠಡಿ, ಡ್ರೋನ್ ಹಾರಾಟ. 2021ರ ಡ್ರೋನ್ ನಿಯಮಗಳ ಪ್ರಕಾರ ಪೈಲಟ್ ಆಗಲು 18ರಿಂದ 65 ವರ್ಷ ವಯಸ್ಸು, ಹತ್ತನೇ ತರಗತಿ ಪಾಸು, ಮಾನ್ಯತೆ ಪಡೆದ ಕೇಂದ್ರದಲ್ಲಿ ತರಬೇತಿ ಸಾಕು.

ಪದಾತಿ ದಳದವರಿಗೆ ದಾರಿ ಉಳಿದವರಿಗಿಂತ ಉದ್ದ ಎಂಬುದನ್ನು ಮುಚ್ಚಿಡಬಾರದು. ಯಾರಿಗೇ ಆದರೂ ಮೊದಲ ಒಂದೆರಡು ವರ್ಷ ಸಂಬಳ ಕಡಿಮೆ. ಸೆಕ್ಯುರಿಟಿ ಗಾರ್ಡ್ ಕೆಲಸಕ್ಕಿಂತಲೂ ಕಡಿಮೆ ಇರಬಹುದು. ಆ ಅವಧಿ ದಾಟಲು ಪಿಂಚಣಿ ಆಸರೆಯಾಗುತ್ತದೆ.

ಇನ್ನೊಂದು ಅಡ್ಡಿ ಭಾಷೆಯದು. ಸಂವಹನ ಓದಿದ ನನಗೆ ಕಂಡದ್ದು ಇದೇ. 'ಹವಾಲ್ದಾರ್, ಡಿಟ್ಯಾಚ್‌ಮೆಂಟ್ ಕಮಾಂಡರ್' ಎಂದು ಬರೆದರೆ ಕಂಪನಿಯ ಎಚ್‌ಆರ್‌ಗೆ ಏನೂ ತಿಳಿಯದು. 'ಎಂಟು ಜನರ ತಂಡ ನಡೆಸಿದ್ದೇನೆ, ಪಾಳಿಯಲ್ಲಿ 24 ಗಂಟೆ ಸಂಪರ್ಕ ಜಾಲ ನೋಡಿಕೊಂಡಿದ್ದೇನೆ, ದೋಷ ಹುಡುಕಿ ಸರಿಪಡಿಸಿದ್ದೇನೆ' ಎಂದರೆ ತಿಳಿಯುತ್ತದೆ. ಘಟಕ ಇದ್ದ ಜಾಗ, ಉಪಕರಣದ ವಿವರ ಮಾತ್ರ ಬರೆಯಬಾರದು.

ಅಗ್ನಿವೀರರ ಸರದಿ

ಈ ವಿಷಯ ಈಗ ಇನ್ನಷ್ಟು ಮುಖ್ಯ. ಅಗ್ನಿಪಥ ಯೋಜನೆ ಪ್ರಕಟವಾದದ್ದು 2022ರ ಜೂನ್‌ನಲ್ಲಿ. ಸೇವೆ ನಾಲ್ಕು ವರ್ಷ, ನಂತರ ಗರಿಷ್ಠ ಶೇ 25 ಜನರಿಗೆ ಮಾತ್ರ ಕಾಯಂ ಸೇವೆಯ ಅವಕಾಶ. ಮೊದಲ ತಂಡದ ತರಬೇತಿ 2023ರ ಆರಂಭದ ಹೊತ್ತಿಗೆ ಶುರುವಾಯಿತು. ಅವರ ನಾಲ್ಕು ವರ್ಷ ಮುಗಿಯುವುದು 2026ರ ಕೊನೆ, 2027ರ ಆರಂಭದಲ್ಲಿ. ಹೊರಬರುವವರಿಗೆ ಬಡ್ಡಿ ಸೇರಿ ಸುಮಾರು 11.71 ಲಕ್ಷ ರೂಪಾಯಿಯ ಸೇವಾನಿಧಿ ಸಿಗುತ್ತದೆ, ಪಿಂಚಣಿ ಇಲ್ಲ. ಅಂದರೆ ಇಪ್ಪತ್ತರ ಹರೆಯದ ಹುಡುಗರ ಕೈಯಲ್ಲಿ ಒಮ್ಮೆಗೇ ದೊಡ್ಡ ಮೊತ್ತ. 'ಕೆಲಸ ಗ್ಯಾರಂಟಿ' ಮೆಸೇಜುಗಳು ಮುಂದೆ ಇವರ ಹಿಂದೆ ಬೀಳುವ ಸಾಧ್ಯತೆ ಹೆಚ್ಚು.

ಹಣ ಕಟ್ಟುವ ಮುನ್ನ

- ಕೆಲಸ ಕೊಡಲು ನೋಂದಣಿ ಶುಲ್ಕ, ಡಿಪಾಸಿಟ್ ಕೇಳಿದರೆ ಅದು ಮೋಸ ಎಂದೇ ತಿಳಿಯಿರಿ.
- ಧಾರವಾಡದ ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಬೇರೆ ಜಿಲ್ಲೆಯವರು ತಮ್ಮ ಭಾಗದ ಕಚೇರಿಯಲ್ಲಿ ಕೇಳಿ.
- ಮೊದಲು ಎರಡು ತಿಂಗಳು ಉಚಿತವಾಗಿ ಕಲಿತು ನೋಡಿ. ಸ್ವಯಂ, ಎನ್‌ಪಿಟೆಲ್, ಇನ್ಫೋಸಿಸ್ ಸ್ಪ್ರಿಂಗ್‌ಬೋರ್ಡ್‌ನಲ್ಲಿ ಪಾಠಗಳು ಉಚಿತ. ಆಸಕ್ತಿ ಉಳಿದರೆ ಮುಂದಿನ ಕೋರ್ಸಿನ ವಿಚಾರ.
- ಹಣ ಕಳೆದುಕೊಂಡಿದ್ದರೆ ಕೂಡಲೇ 1930ಕ್ಕೆ ಕರೆ ಮಾಡಿ. ತಡಮಾಡಿದಷ್ಟೂ ಹಣ ತಡೆಹಿಡಿಯುವುದು ಕಷ್ಟ.

ಈ ಮಾತು ಸೈನಿಕರಿಗಷ್ಟೇ ಅಲ್ಲ. ಶಾಲೆ, ಅಂಗಡಿ, ಕಾರ್ಖಾನೆ ಬಿಟ್ಟು ತಂತ್ರಜ್ಞಾನದತ್ತ ಹೊರಟ ಎಲ್ಲರಿಗೂ ಅನ್ವಯಿಸುತ್ತದೆ. 'ಬಲು ಸುಲಭ' ಎಂಬ ಸುಳ್ಳು ಹಣ ಕಳೆಯುತ್ತದೆ. 'ಆಗೋದೇ ಇಲ್ಲ' ಎಂಬ ಸುಳ್ಳು ಧೈರ್ಯ ಕಳೆಯುತ್ತದೆ.

ಕಾಕಾ ಈಗ ಧಾರವಾಡದಲ್ಲಿ ಫೈಬರ್ ಇಂಟರ್‌ನೆಟ್ ಜೋಡಿಸುವ ಒಬ್ಬ ಗುತ್ತಿಗೆದಾರರ ಹತ್ತಿರ ಹೋಗುತ್ತಿದ್ದಾರೆ. ಸಂಬಳ ಕಡಿಮೆ. ರಾತ್ರಿ ಊಟವಾದ ಮೇಲೆ ಮೊಬೈಲಿನಲ್ಲಿ ನೆಟ್‌ವರ್ಕಿಂಗ್ ಪಾಠ ನೋಡುತ್ತಾರೆ, ತಿಳಿಯದ ಇಂಗ್ಲಿಷ್ ಶಬ್ದವನ್ನು ಮಗಳ ಹತ್ತಿರ ಕೇಳುತ್ತಾರೆ. ಆ ಮೆಸೇಜನ್ನು ಮಾತ್ರ ಅವರು ಯಾರಿಗೂ ಕಳಿಸಲಿಲ್ಲ. ನಿಮಗೂ ಬಂದಿದ್ದರೆ ಕಳಿಸಬೇಡಿ.